ದಂಡಿನ ಥಿಯೇಟರಿನಲ್ಲಿ ಎರಡನೇ ಭಾಗ

ಶಂಕರಪುರಂ, ಬೆಂಗಳೂರು-೪
೧೭ ಮಾರ್ಚ್ ೧೯೮೨, ಬುಧವಾರ

ಮಾನ್ಯ ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತ ಮಹನೀಯರೇ, ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಿರುವ ಮಹಾಶಯರೇ, ಕಂಬಕ್ಕೆ ಒರಗಿ ಆಗಲೇ ತೂಕಡಿಸುತ್ತಿರುವ ಮಾತೆಯರೇ. ಮೈಕು ಕುಯ್‌ಗುಟ್ಟುತ್ತಿರುವುದು ನನ್ನ ಕಿವಿಗೂ ಬಿದ್ದಿದೆ, ಸಹಿಸಿಕೊಳ್ಳಬೇಕು. ತೂಕ ಮತ್ತು ಅಳತೆ ಇಲಾಖೆಯ ಗುಮಾಸ್ತ, ಕನ್ನಡ ಮಾಧ್ಯಮದ ಬಿ.ಎ., ವಯಸ್ಸು ನಲವತ್ತೈದು ದಾಟಿದ ಸೊಣ್ಣಪ್ಪನೆಂಬ ನಾನು ಕಳೆದ ಭಾನುವಾರ ಹೆಣ್ಣು ನೋಡಲು ಹೋಗಿ ಆಕಾಶ ನೋಡಿಕೊಂಡು ಬಂದ ವೃತ್ತಾಂತವನ್ನು ಈ ತುಂಬಿದ ಸಭೆಗೆ ನಿವೇದಿಸಲು ಎದ್ದು ನಿಂತಿದ್ದೇನೆ. ಚಪ್ಪಾಳೆ ಕೊನೆಯಲ್ಲಿ ಹೊಡೆದರೆ ಸಾಕು.

ತುಂಬಿದ ಸಭೆಯಲ್ಲಿ ಇರುವವನು ನೀನೊಬ್ಬನೇ. ಚಿರಂಜೀವಿ ನಾರಾಯಣಪ್ಪ, ನಿನ್ನ ಭಾವನ ಆಶೀರ್ವಾದಗಳು. ನಾನು ಆರೋಗ್ಯವಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ತಕರಾರು ಮಾಡುತ್ತದೆ. ಭದ್ರಾವತಿಯಲ್ಲಿ ನೀನು, ನಿನ್ನ ಹೆಂಡತಿ, ಮಗು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಇದ್ದದ್ದಕ್ಕೆ ಬೈದುಕೋ. ಬೈಯುವುದರಲ್ಲಿ ನಿಮ್ಮ ಮನೆತನಕ್ಕೆ ಸಾಟಿಯಿಲ್ಲ, ಅದನ್ನು ಹನ್ನೆರಡು ವರ್ಷ ನಿನ್ನ ಅಕ್ಕನ ಬಾಯಿಂದ ಅನುಭವಿಸಿದ್ದೇನೆ.

ಎರಡನೇ ಕಾಗದದಲ್ಲಿ ನೀನು ಬರೆದಿದ್ದೆ: ಅಕ್ಕ ಹೋಗಿ ನಾಲ್ಕು ವರ್ಷವಾಯಿತು, ಭಾವ, ಒಲೆಯ ಮುಂದೆ ಒಬ್ಬರೇ ನಿಂತು ಮುದ್ದೆ ತಿರುವುತ್ತೀರಿ, ನನ್ನ ಹೆಂಡತಿಯ ಕಡೆಯ ಮರಿಯಣ್ಣನ ತಂಗಿ ಗಂಗರತ್ನಮ್ಮ ಇದ್ದಾರೆ, ಮೂವತ್ತೆಂಟು ವಯಸ್ಸು, ತಮ್ಮಂದಿರನ್ನು ದಡ ಸೇರಿಸುವುದರಲ್ಲಿ ತನ್ನ ಮದುವೆ ಮರೆತವರು, ಒಮ್ಮೆ ನೋಡಿ, ಯುಗಾದಿಯೊಳಗೆ ಆಗುತ್ತೆ ಇಲ್ಲ ಆಗಲ್ಲ ಅಂತ ಹೇಳಿಬಿಡಿ, ಮರಿಯಣ್ಣ ನನ್ನ ಜೀವ ತಿನ್ನುತ್ತಿದ್ದಾರೆ, ಎಂದು. ಸತ್ತವಳ ತಮ್ಮನೇ ಅವಳ ಗಂಡನಿಗೆ ಹೆಣ್ಣು ಹುಡುಕುವುದು ಲೋಕದಲ್ಲಿ ಅಪರೂಪ. ಆದ್ದರಿಂದ ನೋಡಿದೆ. ಈ ಕಾಗದದ ಕೊನೆಯಲ್ಲಿ ಉತ್ತರವಿದೆ. ಈಗಲೇ ಕೊನೆಗೆ ಹಾರಬೇಡ.

ನೋಡುವ ಶಾಸ್ತ್ರ ಎಲ್ಲಿ ಎಂಬುದೇ ಮೊದಲ ಗೋಜಲು. ಅಕ್ಕಿಪೇಟೆಯಲ್ಲಿರುವ ಅವರ ಮನೆಗೆ ಹೋದರೆ ಬೀದಿಗೆ ಬೀದಿಯೇ ಬಾಗಿಲಿಗೆ ಬರುತ್ತದೆ. ಬಂದವರು ವರನ ತಂದೆ ಇರಬೇಕು, ವರ ಹಿಂದೆ ಬರುತ್ತಿದ್ದಾನೆ ಎಂದು ಕಾಯುತ್ತಾರೆ. ಈಗ ಪೇಟೆಯ ಮನೆಗಳಲ್ಲಿ ಇನ್ನೊಂದು ರೂಢಿ ಬಂದಿದೆ, ನಿನಗೂ ಗೊತ್ತಿರಬೇಕು. ಎರಡೂ ಕಡೆಯವರು ಒಂದೇ ಸಿನಿಮಾಕ್ಕೆ 'ಅಕಸ್ಮಾತ್ತಾಗಿ' ಬರುವುದು, ಮಧ್ಯಂತರದಲ್ಲಿ 'ಅರೆ, ನೀವೂ ಬಂದಿದ್ದೀರಾ' ಎನ್ನುವುದು, ಒಪ್ಪಿಗೆಯಾಗದಿದ್ದರೆ ಸಿನಿಮಾ ಚೆನ್ನಾಗಿರಲಿಲ್ಲ ಎಂದು ಎದ್ದು ಹೋಗುವುದು. ಉಪ್ಪಿಟ್ಟಿನ ಖರ್ಚಿಲ್ಲ, ಮುಖಭಂಗವಿಲ್ಲ.

ಕನ್ನಡ ಸಿನಿಮಾಕ್ಕೆ ಹೋದರೆ ನೆಂಟರಿಷ್ಟರು ಸಿಕ್ಕುತ್ತಾರೆ ಎಂದು ಮರಿಯಣ್ಣ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಇಂಗ್ಲಿಷ್ ಥಿಯೇಟರಿಗೆ ನಾಲ್ಕು ಟಿಕೆಟ್ ತೆಗೆಸಿದ್ದರು. ಯಾವ ಚಿತ್ರ ಎಂದು ವಿಚಾರಿಸಿರಲಿಲ್ಲ. ನಮ್ಮವರು ಯಾರೂ ಬರದ ಚಿತ್ರವಾದರೆ ಸರಿ ಎಂಬುದಷ್ಟೇ ಅವರ ಷರತ್ತು.

ನಾನು ಹೊರಟ ಶೈಲಿಗೆ ಒಂದು ಪದ್ಯ ಕಟ್ಟಿದ್ದೇನೆ, ಬಸ್ಸಿನಲ್ಲಿ ಕೂತು:

ನೆತ್ತಿಯ ಕೂದಲು ತೆಳ್ಳಗೆ,
ಮೀಸೆಯ ಅಂಚು ಬೆಳ್ಳಗೆ,
ಮೈಯೋ ಇಸ್ತ್ರಿ ಷರಟಿನೊಳಗೆ,
ವರಮಹಾಶಯ ಹೊರಟ ಮೆಲ್ಲಗೆ.

ಥಿಯೇಟರಿನ ಮುಂದೆ ಮರಿಯಣ್ಣ ಸಿಕ್ಕಿದರು. ಅಕ್ಕಿ ಮಂಡಿಯವರಿಗೆ ಇರಬೇಕಾದ ಹೊಟ್ಟೆ, ಇರಬಾರದ ಸಂಕೋಚ. ಪಕ್ಕದಲ್ಲಿ ಅವರ ದೊಡ್ಡಮ್ಮ ಅಕ್ಕಯಮ್ಮ, ಎಪ್ಪತ್ತರ ಹತ್ತಿರದವರು, ಕಾವಲಿಗೆ. ಅವರ ಹಿಂದೆ ಗಂಗರತ್ನಮ್ಮ. ತಿಳಿ ನೀಲಿ ಸೀರೆ, ಭುಜಕ್ಕೆ ಚೀಲ, ಬೆರಳ ತುದಿಯಲ್ಲಿ ಶಾಯಿಯ ಕಲೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಪ್ರೂಫ್ ತಿದ್ದುವ ಕೆಲಸ ಆಕೆಯದು, ಭಾನುವಾರವೂ ಅರ್ಧ ದಿನ ಇರುತ್ತದಂತೆ. ನಮಸ್ಕಾರ ಅಂದರು. ನಮಸ್ಕಾರ ಅಂದೆ. ಮರಿಯಣ್ಣ ಇಬ್ಬರ ಮುಖವನ್ನೂ ತಕ್ಕಡಿಯ ಮುಳ್ಳು ನೋಡುವ ಹಾಗೆ ನೋಡಿದರು.

ಮೇಲೆ ದೊಡ್ಡ ಬಣ್ಣದ ಹಲಗೆ. ಅದರ ತುಂಬ ನಕ್ಷತ್ರ, ಮಧ್ಯದಲ್ಲಿ ಒಂದು ಹಡಗು, ಹೆಸರಿನ ಕೆಳಗೆ ಎರಡನೇ ಭಾಗವೆಂದು ಬರೆದಿತ್ತು.

"ಇದು ಎರಡನೇದಂತೆ, ಮರಿಯಣ್ಣನೋರೆ" ಅಂದೆ. "ಮೊದಲನೇದು ನಮಗ್ಯಾರಿಗೂ ಗೊತ್ತಿಲ್ಲವಲ್ಲ."

"ಅದಕ್ಕೇನಂತೆ ಸಾರ್, ಎರಡನೇದಕ್ಕೇ ತಾನೆ ನಾವೆಲ್ಲ ಬಂದಿರೋದು" ಅಂದವರು, ಅಂದದ್ದು ಕಿವಿಗೆ ಬಿದ್ದ ಮೇಲೆ ಕೆಮ್ಮಿದರು. ಅಕ್ಕಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗಂಗರತ್ನಮ್ಮ ಹಲಗೆಯನ್ನೇ ನೋಡುತ್ತಿದ್ದರು, ಅಚ್ಚಿನ ತಪ್ಪು ಹುಡುಕುವವರ ಹಾಗೆ.

ಒಳಗೆ ಕೂತ ಕ್ರಮ ಹೀಗೆ: ಗೋಡೆ ಕಡೆ ಮರಿಯಣ್ಣ, ಆಮೇಲೆ ನಾನು, ನನ್ನ ಪಕ್ಕ ಅಕ್ಕಯಮ್ಮ, ಅವರಾಚೆ ಗಂಗರತ್ನಮ್ಮ. ನೋಡಬೇಕಾದವರಿಬ್ಬರ ನಡುವೆ ಒಂದು ದೊಡ್ಡಮ್ಮ ಇರತಕ್ಕದ್ದು ಎಂಬುದು ನಿಯಮ. ಕತ್ತಲಲ್ಲಿ ನನಗೆ ಕಂಡ ವಧು ಎಂದರೆ ಒಂದು ಮೂಗಿನ ತುದಿ, ಅದರ ಮೇಲೆ ಪರದೆಯ ಬೆಳಕು. ಒಂದು ಸಲ ಕೆಂಪು, ಒಂದು ಸಲ ನೀಲಿ.

ಚಿತ್ರದ ವಿಷಯಕ್ಕೆ ಬರುತ್ತೇನೆ. ಕಣ್ಣಿಗೆ ಅಂಥ ಹಬ್ಬ ನಾನು ಕಂಡಿಲ್ಲ, ಅದನ್ನು ಒಪ್ಪಲೇಬೇಕು. ಮೊದಲು ಒಂದು ಹಡಗು ತಲೆಯ ಮೇಲಿನಿಂದ ಪರದೆಯೊಳಕ್ಕೆ ಹೋಗುತ್ತದೆ. ಹೋಗುತ್ತದೆ, ಹೋಗುತ್ತದೆ, ಮುಗಿಯುವುದೇ ಇಲ್ಲ. ಅಕ್ಕಿಪೇಟೆಯ ತಿರುವಿನಲ್ಲಿ ಹಿಂದುಮುಂದು ಆಡಲಾರದೆ ನಿಂತ ಲಾರಿಯನ್ನು ಹೊಟ್ಟೆಯ ಕೆಳಗಿನಿಂದ ನೋಡಿದರೆ ಹೇಗೋ ಹಾಗೆ. ಆಮೇಲೆ ಒಂದು ಲೋಕ. ಅಲ್ಲಿ ನೀರೆಲ್ಲ ನೆಲ ಬಿಟ್ಟು ಮೇಲೆದ್ದು ಹೋಗಿದೆ. ಕಿತ್ತಳೆ ಬಣ್ಣದ ಸಮುದ್ರ ಆಕಾಶದಲ್ಲಿ ತೂಗುತ್ತಿದೆ, ಅದರ ಅಲೆ ನಮ್ಮ ಕಡೆಗೆ ತಲೆಕೆಳಗಾಗಿ ಒಡೆಯುತ್ತದೆ. ಮಳೆ ಕೆಳಗಿನಿಂದ ಮೇಲಕ್ಕೆ. ಮೂರು ಚಂದ್ರ, ಮೂರಕ್ಕೂ ಬೇರೆ ಬೇರೆ ನೆರಳು. ಹಡಗಿನ ದೀಪ ಆ ನೀರಿನ ಒಳಹೊಕ್ಕಾಗ ಇಡೀ ಥಿಯೇಟರಿನ ಮುಖಗಳು ಹಸಿರಾದವು. ಸಾವಿರ ಜನ ಒಟ್ಟಿಗೆ ಉಸಿರು ಹಿಡಿದದ್ದು ಕೇಳಿಸಿತು. ಪ್ರಾಸಕ್ಕೆ ನನ್ನ ಹತ್ತಿರ ಪದ ಸಿಗದೆ ಹೋದದ್ದು ಅಪರೂಪ, ಅಲ್ಲಿ ಸಿಗಲಿಲ್ಲ.

ಅಕ್ಕಯಮ್ಮನಿಗೆ ಸಿಕ್ಕಿತು. "ಈ ಊರಲ್ಲಿ ಬಟ್ಟೆ ಒಣಗಿಸೋದ್ ಹೆಂಗಪ್ಪ?" ಅಂದರು.

ಮಾತು ಇಂಗ್ಲಿಷು. ಅದೂ ಮೂಗಿನೊಳಗಿನ ಇಂಗ್ಲಿಷು. ನನ್ನ ಬಿ.ಎ. ಆ ಕತ್ತಲಲ್ಲಿ ಚಪ್ಪಲಿ ಕಳಕೊಂಡವನ ಹಾಗೆ ತಡಕಾಡಿತು. ತಿಳಿದದ್ದು ಇಷ್ಟು: ಒಬ್ಬ ಗಡ್ಡದ ನಾವಿಕ ಏನನ್ನೋ ಹುಡುಕಿಕೊಂಡು ಆ ಲೋಕಕ್ಕೆ ಮರಳಿ ಬಂದಿದ್ದಾನೆ. ಅವನ ಹಡಗಿನಲ್ಲಿ ಒಬ್ಬಳು ಹೆಂಗಸಿದ್ದಾಳೆ, ಅವನಿಗೆ ಕಾಫಿಯಂಥದ್ದೇನೋ ತಂದುಕೊಡುತ್ತಾಳೆ, ಅವನು ಕುಡಿಯದೆ ಇಡುತ್ತಾನೆ.

"ಇವಳ್ಯಾರು, ಹೆಂಡ್ತಿಯಾ?" ಅಕ್ಕಯಮ್ಮ ಕೇಳಿದರು.

"ಅಲ್ಲ ದೊಡ್ಡಮ್ಮ, ಇವಳು ಹೊಸಬಳು" ಅಂದರು ಆ ಕಡೆಯಿಂದ ಗಂಗರತ್ನಮ್ಮ.

"ಪಾಪ, ಚೆನ್ನಾಗೇ ಇದಾಳಲ್ಲ. ಆ ಮೂದೇವಿ ಕಾಫಿ ಯಾಕ್ ಕುಡಿಯಲ್ಲ?"

ಮರಿಯಣ್ಣ ಕುರ್ಚಿಯಲ್ಲಿ ಇನ್ನಷ್ಟು ಕೆಳಕ್ಕೆ ಜಾರಿದರು.

ಆಮೇಲೆ ಆ ನಾವಿಕ ಮರಳಿನಲ್ಲಿ ಹೂತ ಒಂದು ಕಬ್ಬಿಣದ ಬಾಗಿಲಿನ ಮುಂದೆ ಬಂದು ನಿಲ್ಲುತ್ತಾನೆ. ಅಂಗೈಯನ್ನು ಅದರ ಮೇಲೆ ಇಡುತ್ತಾನೆ. ಅಷ್ಟೇ. ಥಿಯೇಟರಿನ ಅರ್ಧ ಜನ ಹಾ ಎಂದರು, ಅರ್ಧ ಜನ ಅವರ ಮುಖ ನೋಡಿದರು.

"ಏನಾಯ್ತೀಗ?" ಅಂದರು ಮರಿಯಣ್ಣ.

"ಆ ಬಾಗಿಲಾಚೆ ಅವಳು ಉಳಿದುಬಿಟ್ಟಿದ್ದಳು ಅಣ್ಣ, ಮೊದಲನೇದರಲ್ಲಿ."

"ನಿನಗೆಂಗೆ ಗೊತ್ತು?"

"ನೋಡಿದೀನಿ. ಅಂಗಡಿ ಹುಡುಗೀರ ಜೊತೆ ಬಂದಿದ್ದೆ."

"ಯಾವಾಗ? ನನಗೆ ಹೇಳಲೇ ಇಲ್ಲ?"

"ಹೇಳಿದ್ರೆ ಬಿಡ್ತಿದ್ಯಾ?"

ಮರಿಯಣ್ಣನವರು ನನ್ನ ಕಡೆ ತಿರುಗಿ, "ಹಂಗೇನಿಲ್ಲ ಸಾರ್, ಎಲ್ಲಾ ಕಡೆ ಹೋಗೋಳಲ್ಲ ಇವಳು" ಎಂದು ಸಮಜಾಯಿಷಿ ಕೊಡತೊಡಗಿದರು. ಆ ಹೊತ್ತಿಗೆ ಮಧ್ಯಂತರದ ದೀಪ ಹತ್ತಿತು.

ಹೊರಗೆ ಮರಿಯಣ್ಣ ಸಮೋಸ ತರಲು ಹೋದರು. ಅಕ್ಕಯಮ್ಮ ಬೆಂಚು ಹಿಡಿದರು. ಗಂಗರತ್ನಮ್ಮ ನನ್ನ ಎದುರಿಗೆ ನಿಂತು, "ನಿಮಗೂ ಕತೆ ಗೊತ್ತಿಲ್ವಾ?" ಎಂದು ಕೇಳಿದರು.

"ಇಲ್ಲ" ಅಂದೆ.

"ಹಂಗಾದ್ರೆ ಹೇಳಿಬಿಡ್ತೀನಿ, ಇಲ್ದಿದ್ರೆ ಮಿಕ್ಕಿದ್ದು ಅರ್ಥ ಆಗಲ್ಲ" ಎಂದು ಶುರು ಮಾಡಿದರು.

ಹೇಳುವುದನ್ನು ಆಕೆ ಬಲ್ಲರು, ಅದನ್ನು ಬರೆಯಲೇಬೇಕು. ಕೈ ಆಡಿಸುವುದಿಲ್ಲ, ಕಣ್ಣು ಹಿಗ್ಗಿಸುವುದಿಲ್ಲ. ಯಾರದೋ ಮನೆಯ ಮದುವೆಯ ವಿವರ ಬರೆದುಕೊಳ್ಳುವ ಹಾಗೆ ಒಂದಾದ ಮೇಲೊಂದು. ಆ ನಾವಿಕನಿಗೆ ಒಬ್ಬ ಜೊತೆಗಾತಿ ಇದ್ದಳು. ಇಬ್ಬರೂ ಆ ಲೋಕಕ್ಕೆ ಹೋದರು. ನೀರು ಮೇಲೇಳತೊಡಗಿತು, ಹಡಗು ಹೊರಡಬೇಕು. ಆದರೆ ಹಡಗು ನಿಂತಿದ್ದ ಗೂಡಿನ ಆ ಕಬ್ಬಿಣದ ಬಾಗಿಲನ್ನು ಹೊರಗಿನಿಂದ ಯಾರಾದರೂ ಮುಚ್ಚಿದ ಹೊರತು ಹಡಗು ಏಳುವುದಿಲ್ಲ. ಗಲಾಟೆಯಲ್ಲಿ ಬಾಗಿಲು ಮುಚ್ಚಿಕೊಂಡಿತು. ಅವನು ಒಳಗೆ, ಅವಳು ಹೊರಗೆ. ಅವನು ಗುದ್ದಿದ, ಗುದ್ದಿದ.

ಇಷ್ಟಾಗುವಾಗ ಗಂಟೆ ಹೊಡೆಯಿತು. ಸಮೋಸ ಕೈಯಲ್ಲಿ ಹಿಡಿದು ಒಳಗೆ ಬಂದೆವು. ಅಕ್ಕಯಮ್ಮ ಕೂತ ಸ್ವಲ್ಪ ಹೊತ್ತಿಗೆ ತಲೆ ಹಿಂದಕ್ಕೆ ಚೆಲ್ಲಿ ನಿದ್ದೆ ಹೋದರು. ಗಂಗರತ್ನಮ್ಮ ಅವರ ಮಡಿಲ ಮೇಲಿನಿಂದ ಬಾಗಿ ಉಳಿದದ್ದನ್ನು ಪಿಸುಮಾತಿನಲ್ಲಿ ಹೇಳಿ ಮುಗಿಸಿದರು.

"ಅದು ತಾನಾಗೇ ಮುಚ್ಚಿಕೊಂಡಿದ್ದಲ್ಲ. ಆಮೇಲೆ ತೋರಿಸ್ತಾರೆ. ಅವಳೇ ಮುಚ್ಚಿದ್ದು."

"ಅವಳೇನಾ?"

"ಹೂಂ. ಅವನು ಹೊರಗಡೆ ಬರೋದಿಕ್ಕೆ ನೋಡ್ತಿದ್ದ, ಅದಕ್ಕೆ. ಮುಚ್ಚಿ, ಗಾಜಿನ ಕಿಟಕಿ ಹತ್ರ ಬಂದು ಏನೋ ಅಂದಳು."

"ಏನಂದಳು?"

"ಇಂಗ್ಲಿಷು, ನನಗೂ ಗೊತ್ತಾಗ್ಲಿಲ್ಲ. ಬೈಯೋ ಮುಖ ಅಲ್ಲ, ಅಳೋ ಮುಖಾನೂ ಅಲ್ಲ. ಹೋಗಿ, ಊಟ ಆರೋಗತ್ತೆ ಅಂತಾರಲ್ಲ, ಹಂಗಿತ್ತು."

ಹಿಂದಿನ ಸಾಲಿನವರು ಶ್ ಅಂದರು. ಆಕೆ ತನ್ನ ಕುರ್ಚಿಗೆ ಒರಗಿಕೊಂಡರು. ಆ ಥಿಯೇಟರಿನಲ್ಲಿ ಹವಾ ತಣ್ಣಗೆ ಮಾಡುವ ಯಂತ್ರ ಬಹಳ ಜೋರು, ನನಗೆ ಕಣ್ಣು ಮೂಗು ಎರಡೂ ಸುರಿಯತೊಡಗಿದವು. ನಿದ್ದೆಯಲ್ಲಿದ್ದ ದೊಡ್ಡಮ್ಮನನ್ನು ದಾಟಿ ಒಂದು ಕರವಸ್ತ್ರ ಬಂತು. ಶಾಯಿಯ ವಾಸನೆಯಿತ್ತು. ಅದನ್ನು ಬಳಸಿ ಹಾಗೇ ವಾಪಸು ಕೊಟ್ಟೆನೋ, ಜೇಬಿನಲ್ಲಿಟ್ಟುಕೊಂಡೆನೋ ನೆನಪಿಲ್ಲ.

ಉಳಿದ ಚಿತ್ರದಲ್ಲಿ ಸಮುದ್ರ ಆಕಾಶದಿಂದ ಕೆಳಗಿಳಿಯಿತು. ಅದು ಇಳಿಯುವುದನ್ನು ಬಹಳ ನಿಧಾನವಾಗಿ ತೋರಿಸಿದರು, ಕಿತ್ತಳೆ ಹೋಗಿ ನೇರಳೆಯಾಗಿ, ನೇರಳೆ ಹೋಗಿ ಕಪ್ಪಾಗುವವರೆಗೆ. ಆ ಹೆಂಗಸು ಸಿಕ್ಕಲಿಲ್ಲ. ನಾವಿಕ ಹಡಗು ಹತ್ತಿದ. ಕಾಫಿ ಕುಡಿದನೋ ಇಲ್ಲವೋ ನಾನು ಗಮನಿಸಲಿಲ್ಲ. ಕುಡಿದ ಎಂದು ಅಕ್ಕಯಮ್ಮ ಹೊರಗೆ ಬಂದು ಪ್ರಮಾಣ ಮಾಡಿದರು, ಅವರು ಯಾವಾಗ ಎದ್ದರು ಎಂದು ನನಗೆ ಗೊತ್ತಿಲ್ಲ.

ಬಸ್ ನಿಲ್ದಾಣದಲ್ಲಿ ಗಂಗರತ್ನಮ್ಮ, "ನಿಮಗೆ ಬೇಜಾರಾಯ್ತೇನೋ, ನಾನು ಮಧ್ಯೆ ಮಧ್ಯೆ ಮಾತಾಡಿದ್ದು" ಅಂದರು. "ಛೆ, ಇಲ್ಲ" ಅಂದೆ. ಆಕೆ ನಕ್ಕು, "ಅಣ್ಣನಿಗೆ ಇವತ್ತು ರಾತ್ರಿ ನಿದ್ದೆ ಬರಲ್ಲ, ನೀವು ಬೇಗ ಏನಾದ್ರೊಂದು ಹೇಳಿಬಿಡಿ. ಬೇಡ ಅಂದ್ರೂ ನಾನೇನೂ ತಿಳ್ಕೊಳಲ್ಲ" ಎಂದು ಹೇಳಿ ಬಸ್ಸು ಹತ್ತಿದರು. ಮರಿಯಣ್ಣ ಕಿಟಕಿಯಿಂದ ಕೈ ಮುಗಿದರು, ಬಸ್ಸು ಮರೆಯಾಗುವವರೆಗೆ ಮುಗಿದೇ ಇದ್ದರು.

ಈಗ ಉತ್ತರ. ಬೇಡ.

ಕಾರಣ ಕೇಳುತ್ತೀಯ, ಕೊಡುತ್ತೇನೆ. ಸಿನಿಮಾದಲ್ಲಿ ಮಾತಾಡುವ ಹೆಂಗಸಿನ ಜೊತೆ ನನಗೆ ಆಗಿಬರುವುದಿಲ್ಲ. ದಿನವಿಡೀ ಊರವರ ಮದುವೆಗಳ ತಪ್ಪು ತಿದ್ದಿ ಮನೆಗೆ ಬರುವಾಕೆ ನನ್ನ ಪ್ರಾಸಗಳನ್ನು ಸುಮ್ಮನೆ ಬಿಡುತ್ತಾರೆಯೇ? ಅದೂ ಅಲ್ಲದೆ ಮುದ್ದೆ ತಿರುವುವುದು ನನಗೆ ಚೆನ್ನಾಗಿ ಒಗ್ಗಿದೆ. ಗಂಟಿಲ್ಲದೆ ಬರುತ್ತದೆ.

ಒಂಟಿ ಮನೆಗೆ ಒಂದೇ ತಟ್ಟೆ,
ತೊಳೆದು ಗೂಡಲಿ ಕವುಚಿಟ್ಟೆ.

ಗಂಗರತ್ನಮ್ಮನವರಲ್ಲಿ ಯಾವ ಕೊರತೆಯೂ ಇಲ್ಲ, ಕೊರತೆಯೆಲ್ಲ ವರನ ಕಡೆಯದು ಎಂದು ಮರಿಯಣ್ಣನಿಗೆ ಮರ್ಯಾದೆಯಿಂದ ಬರೆದುಬಿಡು. ಆಕೆ ಏನೂ ತಿಳಿದುಕೊಳ್ಳುವುದಿಲ್ಲ ಎಂದು ಹೇಳಿದ್ದಾರೆ, ಆದರೂ ಪದ ನೋಡಿ ಹಾಕು.

ಮಗುವಿಗೆ ಹಲ್ಲು ಬಂದಾಗ ತಿಳಿಸು. ಯುಗಾದಿಗೆ ನಿಮ್ಮ ಮೂವರಿಗೂ ಈಗಲೇ ಹರಸುತ್ತೇನೆ. ಬೇವು ಕಡಿಮೆ, ಬೆಲ್ಲ ಜಾಸ್ತಿ ಸಿಗಲಿ. ಆಯುಸ್ಸು, ಆರೋಗ್ಯ, ನಿನ್ನ ಕಾರ್ಖಾನೆಯಲ್ಲಿ ಹಗಲು ಪಾಳಿ, ಎಲ್ಲವೂ ನಿನಗೆ ಒದಗಲಿ.

ನಿನ್ನ ಭಾವ,
ಸೊಣ್ಣಪ್ಪ

ತಾ.ಕ. ಇದನ್ನು ಲಕೋಟೆಗೆ ಹಾಕಿ ಅಂಟಿಸಿ ಮತ್ತೆ ಹರಿದಿದ್ದೇನೆ.

ಮೊದಲ ಭಾಗ ನನಗೆ ಗೊತ್ತಿಲ್ಲ ಅಂದದ್ದು ಸುಳ್ಳು. ನೋಡಿದ್ದೇನೆ. ಅದೇ ಥಿಯೇಟರಿನಲ್ಲಿ, ನಿನ್ನ ಅಕ್ಕನ ಜೊತೆ, ಮಧ್ಯಂತರದವರೆಗೆ. ಶಕುಂತಲೆಗೆ ತಲೆ ಸಿಡಿಯತೊಡಗಿದ್ದು ಪೇಟೆಗೆ ಹೋಗಿದ್ದಾಗ ಎಂದು ನಿಮಗೆಲ್ಲ ಹೇಳಿದ್ದೆ. ಅದು ಅಲ್ಲಿ ಆದದ್ದು. ಬಾಗಿಲು ಮುಚ್ಚಿಕೊಂಡು ಅವನು ಗುದ್ದುತ್ತಿರುವಾಗ ದೀಪ ಹತ್ತಿತು. ಅವಳ ಮುಖ ನೋಡಿದೆ, ಬೆಳ್ಳಗಾಗಿತ್ತು. ಎದ್ದು ಹೊರಗೆ ಬಂದು ಆಟೋ ಹಿಡಿದೆವು. ಆಮೇಲೆ ಆಸ್ಪತ್ರೆ, ಅಲ್ಲಿಂದ ಅವಳು ಮನೆಗೆ ಬರಲಿಲ್ಲ, ಅದು ನಿನಗೆ ಗೊತ್ತು.

ಉಳಿದ ಅರ್ಧ ನಾನು ನೋಡಲಿಲ್ಲ. ಯಾರನ್ನೂ ಕೇಳಲಿಲ್ಲ. ಆಫೀಸಿನಲ್ಲಿ ಯಾರಾದರೂ ಆ ಚಿತ್ರದ ಮಾತೆತ್ತಿದರೆ ಕಡತ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಅದು ಅರ್ಧಕ್ಕೇ ನಿಂತಿರುವವರೆಗೆ ಆ ದಿನ ಮುಗಿದಿಲ್ಲ ಎಂದು ಇಟ್ಟುಕೊಂಡಿದ್ದೆ. ನನ್ನ ಮಟ್ಟಿಗೆ ಅವನು ಇನ್ನೂ ಗುದ್ದುತ್ತಲೇ ಇದ್ದ. ಗಂಗರತ್ನಮ್ಮ ನಿದ್ದೆ ಹೋದ ದೊಡ್ಡಮ್ಮನ ಮೇಲಿನಿಂದ ಬಾಗಿ ಅದನ್ನು ಮುಗಿಸಿಬಿಟ್ಟರು. ತಾನು ಏನು ಮುಗಿಸಿದೆ ಎಂದು ಆಕೆಗೆ ಗೊತ್ತಿಲ್ಲ. ನನಗೆ ಆಕೆಯ ಮೇಲೆ ಸಿಟ್ಟು ಬಂತು. ಬೇಡ ಎಂದು ಬರೆದದ್ದು ಆ ಸಿಟ್ಟು, ಮಾತಾಡುತ್ತಾರೆ ಎನ್ನುವುದೆಲ್ಲ ನೆಪ.

ಮರಿಯಣ್ಣನಿಗೆ ಏನೂ ಬರೆಯಬೇಡ. ನಾಳೆ ಆಫೀಸು ಬಿಟ್ಟ ಮೇಲೆ ಸುಲ್ತಾನ್‌ಪೇಟೆಗೆ ಹೋಗಿ ಇದನ್ನು ಆಕೆಗೆ ಹೇಳುತ್ತೇನೆ. ಕೇಳಿದ ಮೇಲೂ ಆಕೆಗೆ ಒಪ್ಪಿಗೆಯಿದ್ದರೆ ನನಗೆ ಒಪ್ಪಿಗೆ.

ಆ ದಿನ ಕುರ್ಚಿಯಿಂದ ಏಳುವಾಗ ನಾನು ತಡ ಮಾಡಿದೆ. ಸ್ವಲ್ಪ ಕೂತರೆ ತಲೆನೋವು ಇಳಿಯಬಹುದು, ಕೊನೆ ನೋಡಿಕೊಂಡೇ ಹೋಗೋಣ ಅಂದೆ. ನಿನ್ನ ಅಕ್ಕ ನನ್ನ ತೋಳು ಹಿಡಿದುಕೊಂಡು, "ಮಿಕ್ಕಿದ್ದನ್ನ ಯಾರಾದ್ರೂ ನೋಡಿದೋರು ಹೇಳ್ತಾರೆ, ಏಳಿ" ಅಂದಳು.